ಪರದೇಶದ ಕಳೆಗಳು: ಮೊದಲು ಕೀಳತಕ್ಕುದು ಯಾವುದು?

ಕಾಸರಗೋಡು ಪೇಟೆಯನ್ನು ಬಿಟ್ಟು ವಿದ್ಯಾನಗರದ ಮೂಲಕ ಚೆರ್ಕಳದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ ೬೬ರ ಮಗ್ಗುಲಲ್ಲಿ ನಾಯ್ಮಾರ್ಮೂಲೆ ಎಂಬ ಊರುಂಟು. ಈ ಊರಿನ ಆಸುಪಾಸಿನ ಮುರಕಲ್ಲಿನ ಗುಡ್ಡಗಳಲ್ಲಿ, ತೋಟಗಳ ಅಂಚಿನಲ್ಲಿ, ತೋಡುಗಳ ದಡದಲ್ಲಿ ಬೆಳೆದು ನಿಂತ ಹಸುರನ್ನು ಕಂಡ ಪರಸ್ಥಳದವರು ಇದನ್ನು ಪ್ರಕೃತಿಯ ಸಮೃದ್ಧಿಯೆಂದು ಹೊಗಳುವುದು ಸಹಜವೇ ಸರಿ. ಆದರೆ ಆ ಹಸುರಿನಲ್ಲಿ ಒಂದೊಂದು ಗಿಡದ ಕುಲಗೋತ್ರಗಳನ್ನು ವಿಚಾರಿಸುತ್ತ ಹೋದರೆ, ಅದರಲ್ಲಿ ದೊಡ್ಡದೊಂದು ಪಾಲು ಇನ್ನೂರೈವತ್ತು ವರ್ಷಗಳ ಹಿಂದೆ ಈ ನಾಡಿನಲ್ಲಿ ಇರಲೇ ಇಲ್ಲವೆಂಬ ಸಂಗತಿ ಹೊರಬೀಳುತ್ತದೆ. ಲಂಟಾನ ಅಮೆರಿಕ ಖಂಡದ್ದು; ಕಮ್ಯುನಿಸ್ಟ್ ಗಿಡ ಅಮೆರಿಕ ಖಂಡದ್ದು; ಮರವನ್ನೇರಿ ಮುಚ್ಚಿಬಿಡುವ ಮಿಕಾನಿಯಾ ಬಳ್ಳಿಯೂ ಅಲ್ಲಿಯದೇ.

ಇವುಗಳನ್ನು ನಿವಾರಿಸಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಮಾತು ಒಳ್ಳೆಯದೇ. ಆದರೆ ತೋಟದ ಯಜಮಾನನಿಗೆ ಆಳುಗಳ ಅಭಾವ, ಪಂಚಾಯತಿಗೆ ಹಣದ ಅಭಾವ, ಶಾಲೆಗೆ ವೇಳೆಯ ಅಭಾವ. ಎಲ್ಲವನ್ನೂ ಏಕಕಾಲದಲ್ಲಿ ಕೀಳುವೆನೆಂದು ಹೊರಟವನು ಯಾವುದನ್ನೂ ಪೂರ್ತಿಯಾಗಿ ಕೀಳಲಾರ. ಅರ್ಧ ಕಿತ್ತು ಬಿಟ್ಟ ಕಳೆಯಾದರೋ ಮರುವರ್ಷ ಇಮ್ಮಡಿಯಾಗುತ್ತದೆ. ಆದಕಾರಣ ಇಲ್ಲಿ ನಿಜವಾದ ಪ್ರಶ್ನೆಯೆಂದರೆ, ಮೊದಲು ಯಾವುದು, ಆಮೇಲೆ ಯಾವುದು, ಯಾವುದನ್ನು ಸದ್ಯಕ್ಕೆ ಹಾಗೆಯೇ ಬಿಡತಕ್ಕುದು ಎಂಬುದು. ಈ ಪ್ರಶ್ನೆಗೆ ಉತ್ತರವನ್ನು ನಾವು ನಮ್ಮ ಊಹೆಯಿಂದ ಹೇಳದೆ, ನಮ್ಮ ದೇಶದಲ್ಲಿಯೇ ಕಳೆದ ಇನ್ನೂರಕ್ಕೂ ಹೆಚ್ಚಿನ ವರ್ಷಗಳಲ್ಲಿ ನಡೆದುಹೋದ ಸಂಗತಿಗಳಿಂದ ಹುಡುಕಿ ತೆಗೆಯಲು ಪ್ರಯತ್ನಿಸುತ್ತೇವೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡುವುದು ಅವಶ್ಯ. ಹೊರಗಿನಿಂದ ಬಂದದ್ದೆಲ್ಲವೂ ಹಗೆಯಲ್ಲ. ನಮ್ಮ ಅಡುಗೆಗೆ ಖಾರ ಕೊಡುವ ಮೆಣಸಿನಕಾಯಿ, ನಮ್ಮ ಗುಡ್ಡಗಳಿಗೆ ಆದಾಯ ತಂದ ಗೇರು, ಹಿತ್ತಿಲಿನ ಪಪ್ಪಾಯಿ, ಅನಾನಸು ಇವೆಲ್ಲ ಹದಿನಾರನೆಯ ಶತಮಾನದಿಂದೀಚೆಗೆ ಐರೋಪ್ಯರ ಹಡಗುಗಳ ದೆಸೆಯಿಂದ ಅಮೆರಿಕ ಖಂಡವನ್ನು ಬಿಟ್ಟು ಬಂದವುಗಳು. ಬಂದು ನಮ್ಮವೇ ಆದವು. ಏಳು ಭಾಷೆಗಳು ಕೂಡಿ ಬಾಳುವ ಈ ಕಾಸರಗೋಡಿನ ನೆಲದಲ್ಲಿ ನಿಂತವರಿಗೆ, ಹೊಸಬನೆಂಬ ಒಂದೇ ಕಾರಣದಿಂದ ಯಾರನ್ನೂ ಶತ್ರುವೆಂದೆಣಿಸಬಾರದೆಂಬ ವಿವೇಕವನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಗಿಡದ ವಿಷಯದಲ್ಲಿಯೂ ಹುಟ್ಟಿಗಿಂತ ನಡತೆಯನ್ನೇ ನೋಡತಕ್ಕುದು. ಜೀವವೈವಿಧ್ಯದ ಕುರಿತಾದ ಅಂತರಸರಕಾರೀ ವೇದಿಕೆಯು ೨೦೨೩ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನ ದೆಸೆಯಿಂದ ಪರಸ್ಥಳಗಳಲ್ಲಿ ನೆಲೆಯೂರಿದ ಜೀವಿಗಳು ಪ್ರಪಂಚದಲ್ಲಿ ೩೭,೦೦೦ಕ್ಕೂ ಹೆಚ್ಚು. ಅವುಗಳಲ್ಲಿ ಆಕ್ರಮಕವೆಂದು, ಅಂದರೆ ಸ್ಥಳೀಯ ಜೀವಿಗಳಿಗೂ ಜನಜೀವನಕ್ಕೂ ಕೇಡು ತರುವುವೆಂದು, ಕಂಡುಬಂದವು ೩,೫೦೦ಕ್ಕೂ ಹೆಚ್ಚು. ಎಂದರೆ ಹತ್ತರಲ್ಲಿ ಒಂದಕ್ಕಿಂತ ಅಧಿಕವಿಲ್ಲ. ಮೊದಲನೆಯ ಆಯ್ಕೆ ಇಲ್ಲಿಯೇ ಆಗಿಹೋಯಿತು: ಒಂಬತ್ತನ್ನು ಬಿಟ್ಟು ಹತ್ತನೆಯದರ ಕಡೆಗೆ ನಮ್ಮ ಲಕ್ಷ್ಯವಿರಬೇಕು.

ಇನ್ನು ಚರಿತ್ರೆಗೆ ಬರೋಣ. ಈ ಚರಿತ್ರೆಯ ಮೊದಲ ಅಧ್ಯಾಯ ಪಾಪಾಸುಕಳ್ಳಿಯದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯುರೋಪಿನಲ್ಲಿ ಕಡುಗೆಂಪು ಬಣ್ಣಕ್ಕೆ ಬಹಳ ಬೆಲೆಯಿತ್ತು. ಆ ಬಣ್ಣವು ಮೆಕ್ಸಿಕೋ ದೇಶದಲ್ಲಿ ಕಳ್ಳಿಯ ಮೇಲೆ ಬಾಳುವ ಕೋಚಿನಿಯಲ್ ಎಂಬ ಸಣ್ಣ ಕೀಟದಿಂದ ಬರುತ್ತಿದ್ದು, ಅದರ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಅದರ ಮೇಲೆ ಕಣ್ಣು ಬಿತ್ತು. ಮದರಾಸಿನಲ್ಲಿ ಕಂಪನಿಯ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಎಂಬವರು ಆ ಕೀಟ ಬಂದಾಗ ಮೇಯಲೆಂದು ಮುಂಚಿತವಾಗಿಯೇ ಕಳ್ಳಿಯ ತೋಟವನ್ನು ಮಾಡಿಸಿದರು. ೧೭೯೫ರಲ್ಲಿ ನೀಲ್ಸನ್ ಎಂಬ ಕಪ್ತಾನನು ಬ್ರೆಜಿಲ್ ದೇಶದಿಂದ ಒಂದು ಕೀಟವನ್ನು ಕಲ್ಕತ್ತೆಗೆ ತಂದುಕೊಟ್ಟನು. ಎಲ್ಲರೂ ಸಂತೋಷಪಟ್ಟರು. ಆದರೆ ಬಂದದ್ದು ಬೇಕಾದ ಕೀಟವಲ್ಲ, ಅದರ ದಾಯಾದಿ. ಅದರಿಂದ ಬಂದ ಬಣ್ಣ ಕೀಳುತರದ್ದು.

ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಬೇರೊಂದು ಕೆಲಸ ತಾನಾಗಿಯೇ ಆಯಿತು. ಆ ಕೀಟವು ಪಾಪಾಸುಕಳ್ಳಿಯ ಒಂದು ಜಾತಿಯನ್ನು ಹಿಡಿದು ತಿಂದು, ಉತ್ತರ ಮತ್ತು ಮಧ್ಯ ಭಾರತದಲ್ಲಿ ಅದು ಆಕ್ರಮಿಸಿಕೊಂಡಿದ್ದ ನೆಲವನ್ನು ಬರಿದು ಮಾಡಿತು. ೧೮೩೬ರಿಂದ ೧೮೩೮ರ ಅವಧಿಯಲ್ಲಿ ಅದನ್ನು ದಕ್ಷಿಣ ಭಾರತಕ್ಕೂ ತಂದು ಬಿಟ್ಟರು. ಇಲ್ಲಿಯೂ ಆ ಜಾತಿ ಸೋತಿತು. ಕೀಟದಿಂದ ಕಳೆಯನ್ನು ಗೆದ್ದ ಜಗತ್ತಿನ ಮೊದಲ ಉದಾಹರಣೆಗಳಲ್ಲಿ ಇದನ್ನು ಎಣಿಸುತ್ತಾರೆ. ಆದರೆ ದಕ್ಷಿಣದಲ್ಲಿ ಇನ್ನೊಂದು ಜಾತಿಯ ಕಳ್ಳಿಯಿತ್ತು. ಆ ಕೀಟ ಅದನ್ನು ಮುಟ್ಟಲಿಲ್ಲ. ಅದರ ಗರ್ವವನ್ನು ಮುರಿಯಲು ಮತ್ತೊಂದು ಜಾತಿಯ ಕೋಚಿನಿಯಲ್ ಕೀಟವನ್ನು ಸಿಂಹಳದಿಂದ ೧೯೨೬ರಲ್ಲಿ ತರಬೇಕಾಯಿತು. ನೋಡುವವರಿಗೆ ಎರಡೂ ಕಳ್ಳಿಯೇ, ಎರಡೂ ಕೀಟವೇ. ಆದರೂ ಹೆಸರನ್ನು ನಿಷ್ಕೃಷ್ಟವಾಗಿ ತಿಳಿಯದೆ ಇದ್ದುದರಿಂದ ನಡುವೆ ಸುಮಾರು ತೊಂಬತ್ತು ವರ್ಷಗಳು ಕಳೆದುಹೋದವು. ಗಿಡದ ಹೆಸರನ್ನು ಸರಿಯಾಗಿ ಗುರುತಿಸುವುದು ಪಂಡಿತರ ವಿನೋದವಲ್ಲ, ಕೆಲಸದ ಮೊದಲ ಮೆಟ್ಟಿಲು ಎಂಬುದು ಈ ಅಧ್ಯಾಯದ ಪಾಠ.

ಎರಡನೆಯ ಅಧ್ಯಾಯ ಲಂಟಾನದ್ದು. ೧೮೦೯ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಗಿಡವಾಗಿ ಬಂದ ಇದನ್ನು ಜನರು ಚೆಂದದ ಬೇಲಿಯಾಗುವುದೆಂದು ಊರೂರಿಗೆ ಒಯ್ದರು. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂಬ ನಮ್ಮ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದು ಬೇರೆಲ್ಲಿಯೂ ಇರಲಾರದು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿಗೆ ಒಯ್ದವು; ಬುಡ ಕಡಿದರೆ ಮತ್ತೆ ಚಿಗುರಿತು. ೧೯೧೬ರಿಂದ ೧೯೧೯ರವರೆಗೆ ವೈ. ರಾಮಚಂದ್ರ ರಾವ್ ಎಂಬ ಕೀಟಶಾಸ್ತ್ರಜ್ಞರು ಭಾರತ ಮತ್ತು ಬರ್ಮಾ ದೇಶಗಳಲ್ಲಿ ಸಂಚರಿಸಿ, ಲಂಟಾನವನ್ನು ತಿನ್ನುವ ಕೀಟಗಳು ಯಾವುವೆಂಬುದನ್ನು ಶೋಧಿಸಿ ೧೯೨೦ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ನಮ್ಮವರೇ ಒಬ್ಬರು ಅಷ್ಟು ಹಿಂದೆ ಇಷ್ಟು ಶ್ರಮಪಟ್ಟರೆಂಬುದು ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. ೧೯೨೧ರಲ್ಲಿ ಹವಾಯಿ ದ್ವೀಪದಿಂದ ಲಂಟಾನದ ಬೀಜವನ್ನು ಕೊರೆಯುವ ನೊಣವನ್ನು ತರಿಸಿದರು. ೧೯೪೧ರಲ್ಲಿ ಆಸ್ಟ್ರೇಲಿಯಾದಿಂದ ಎಲೆಯ ರಸವನ್ನು ಹೀರುವ ತಿಗಣೆಯೊಂದನ್ನು ಡೆಹ್ರಾಡೂನಿಗೆ ತರಿಸಿ ಪರೀಕ್ಷಿಸಿದರು. ಅದು ತೇಗದ ಹೂವಿಗೂ ಬಾಯಿ ಹಾಕಬಹುದೆಂಬ ಶಂಕೆ ಬಂದುದರಿಂದ ನಾಶಪಡಿಸಲು ನಿರ್ಧರಿಸಿದರು. ಆದರೂ ಅದು ತಪ್ಪಿಸಿಕೊಂಡು ೧೯೫೧ರಲ್ಲಿ ಹೊರಗೆ ಕಾಣಿಸಿತು.

ಇಷ್ಟೆಲ್ಲ ಆದರೂ ಲಂಟಾನ ಸೋಲಲಿಲ್ಲ. ಮೈಸೂರು ಸೀಮೆಯ ಬಿಳಿಗಿರಿರಂಗನ ಬೆಟ್ಟದ ಅರಣ್ಯದಲ್ಲಿ ಸಂಶೋಧಕರು ೧೯೯೭ರಲ್ಲಿ ಗುರುತುಹಾಕಿ ಪರೀಕ್ಷಿಸಿದ ತುಂಡುಭೂಮಿಗಳ ಪೈಕಿ ನೂರಕ್ಕೆ ಸುಮಾರು ೪೧ರಲ್ಲಿ ಲಂಟಾನವಿತ್ತು; ೨೦೦೮ರಲ್ಲಿ ಅದು ಸುಮಾರು ೮೧ಕ್ಕೇರಿತ್ತು. ಆ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು, ಹಿಂದೆ ತಾವು ವರ್ಷದ ಆರಂಭದಲ್ಲಿ ನೆಲಮಟ್ಟದ ತೆಳುಬೆಂಕಿಯನ್ನು ಹಾಕುತ್ತಿದ್ದರಿಂದ ಇಂತಹ ಪೊದೆಗಳು ಮೇಲೇಳುತ್ತಿರಲಿಲ್ಲವೆಂದೂ, ಅದು ನಿಂತ ಮೇಲೆ ಲಂಟಾನ ತುಂಬಿತೆಂದೂ ಹೇಳುತ್ತ ಬಂದಿದ್ದಾರೆ. ಅವರ ಮಾತನ್ನು ಶಾಸ್ತ್ರಜ್ಞರು ಈಗ ಆದರದಿಂದ ಕೇಳುತ್ತಿದ್ದಾರೆ. ಲಂಟಾನದ ಕಡ್ಡಿಗಳಿಂದ ಕುರ್ಚಿ ಮೇಜುಗಳನ್ನು ಮಾಡುವ ಕಸಬು ಮಲೆಮಹದೇಶ್ವರ ಬೆಟ್ಟದ ಕಡೆಯಲ್ಲಿ ಬೆಳೆದಿರುವುದೂ ಉಂಟು. ಇದೆಲ್ಲವೂ ಪ್ರಶಂಸನೀಯವೇ, ಆದರೆ ದೇಶವನ್ನೆಲ್ಲ ಹಬ್ಬಿದ ಕಳೆಯನ್ನು ನಿರ್ಮೂಲಗೊಳಿಸುವ ಕಾಲ ಮೀರಿಹೋಗಿದೆಯೆಂಬ ಸತ್ಯವನ್ನು ಇದರಿಂದ ಮರೆಮಾಡಲಾಗದು.

ಮೂರನೆಯ ಅಧ್ಯಾಯ ಕಾಯಿದೆಗಳದು. ೧೯೧೪ರಲ್ಲಿ ಭಾರತ ಸರಕಾರವು ಕೇಡುಮಾಡುವ ಕೀಟ ಮತ್ತು ರೋಗಗಳು ಹೊರದೇಶದಿಂದ ಬಾರದಂತೆ ತಡೆಯುವ ಕಾಯಿದೆಯನ್ನು ಮಾಡಿತು. ಮದರಾಸು ಸರಕಾರವು ೧೯೧೯ರಲ್ಲಿ ತನ್ನದೇ ಆದ ಕೃಷಿಕೀಟ ಮತ್ತು ರೋಗಗಳ ಕಾಯಿದೆಯನ್ನು ಜಾರಿಗೊಳಿಸಿತು. ಪ್ರಾಂತಗಳಲ್ಲಿ ಇಂತಹ ಕಾಯಿದೆಯನ್ನು ಮೊದಲು ಮಾಡಿದ ಕೀರ್ತಿ ಮದರಾಸಿನದೇ. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಆ ಜಿಲ್ಲೆ ಮದರಾಸು ಪ್ರಾಂತದಲ್ಲಿದ್ದುದರಿಂದ, ನಮ್ಮ ಹಿರಿಯರು ಆ ಕಾಯಿದೆಯ ಆಳ್ವಿಕೆಗೆ ಒಳಪಟ್ಟಿದ್ದರು. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ೧೯೫೮ರಲ್ಲಿ ಕೇರಳವು ತನ್ನ ಕೃಷಿಕೀಟ ಮತ್ತು ರೋಗಗಳ ಕಾಯಿದೆಯನ್ನು ಮಾಡಿತು. ಗಡಿಗಳು ಬದಲಾದವು, ಕಾಯಿದೆಗಳು ಬದಲಾದವು. ಕಳೆಗಳಿಗೆ ಮಾತ್ರ ತಲಪಾಡಿಯಲ್ಲಿ ತಡೆಗಟ್ಟು ಇರಲಿಲ್ಲ.

ಈ ಹಳೆಯ ಕಾಯಿದೆಗಳೆಲ್ಲವೂ ಹೊಲದ ಬೆಳೆಯನ್ನು ಕಾಯುವ ಉದ್ದೇಶದಿಂದ ಹುಟ್ಟಿದವು. ಬೆಳೆಗೆ ನಷ್ಟವಾದಾಗ ಅಧಿಕಾರಿ ಬರುತ್ತಿದ್ದನು. ಕಾಡಿನ ತೊರೆಗೆ, ಗುಡ್ಡದ ಹುಲ್ಲಿಗೆ, ಕೆರೆಯ ಮೀನಿಗೆ ಆದ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವವರು ಇರಲಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯ ಮೂಲಕ, ಆಕ್ರಮಕವಾದ ಪರಕೀಯ ಜೀವಿಗಳ ಆಮದು, ವ್ಯಾಪಾರ, ಸಾಕಣೆ, ಪ್ರಸಾರಗಳನ್ನು ನಿಯಂತ್ರಿಸುವ ಅಧಿಕಾರ ಕೇಂದ್ರ ಸರಕಾರಕ್ಕೆ ದೊರಕಿತು. ಯಾವುದನ್ನು ಮೊದಲು ಕೀಳಬೇಕೆಂಬ ಪ್ರಶ್ನೆಯ ಹಿಂದೆ, ಯಾವುದನ್ನು ಮೊದಲು ಉಳಿಸಬೇಕೆಂಬ ಪ್ರಶ್ನೆ ಅಡಗಿದೆಯೆಂಬುದನ್ನು ನಾವು ಗಮನಿಸಬೇಕು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಬಂದ ಕಳೆಗಳ ಹೆಸರುಗಳೇ ಒಂದು ವಿನೋದ. ಎರಡನೆಯ ಮಹಾಯುದ್ಧದ ಸುಮಾರಿಗೆ ಈಶಾನ್ಯ ಭಾರತದ ಕಡೆಯಿಂದ ದಕ್ಷಿಣಕ್ಕೆ ಹಬ್ಬಿದ ಕ್ರೋಮೊಲೀನಾ ಗಿಡಕ್ಕೆ ಕೇರಳದವರು ಕಮ್ಯುನಿಸ್ಟ್ ಪಚ್ಚ ಎಂದರು. ೧೯೫೫ರ ಹೊತ್ತಿಗೆ ಪುಣೆಯಲ್ಲಿ ಕಾಣಿಸಿ ಬಯಲುಸೀಮೆಯನ್ನು ತುಂಬಿದ ಪಾರ್ಥೇನಿಯಂ ಗಿಡಕ್ಕೆ ಕನ್ನಡಿಗರು ಕಾಂಗ್ರೆಸ್ ಗಿಡ ಎಂದರು. ಮರವನ್ನು ಅಪ್ಪಿಕೊಂಡು ಉಸಿರುಗಟ್ಟಿಸುವ ಮಿಕಾನಿಯಾ ಬಳ್ಳಿಗೆ ಮಲಯಾಳದಲ್ಲಿ ಧೃತರಾಷ್ಟ್ರ ಪಚ್ಚ ಎಂಬ ಹೆಸರುಂಟು. ಲೋಹದ ಭೀಮನನ್ನು ಅಪ್ಪಿ ಪುಡಿಮಾಡಿದ ಕುರುಡು ದೊರೆಯ ಕಥೆಯನ್ನು ಬಲ್ಲವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಹೆಸರಿಟ್ಟ ಜನಸಾಮಾನ್ಯರು ಕಳೆಯ ಸ್ವಭಾವವನ್ನು ಸರಿಯಾಗಿಯೇ ಕಂಡಿದ್ದರು: ಒಂದು ರಾಜಕೀಯ ಪಕ್ಷದಂತೆ ಬೇಗನೆ ಹರಡುವುದು, ಇನ್ನೊಂದು ಪ್ರೀತಿಯ ವೇಷದಲ್ಲಿ ಕೊಲ್ಲುವುದು. ಕರ್ನಾಟಕ ಸರಕಾರವು ೧೯೭೫ರಲ್ಲಿ ಪಾರ್ಥೇನಿಯಂ ಗಿಡವನ್ನು ಕೇಡಿನ ಕಳೆಯೆಂದು ಕಾಯಿದೆಯ ಪ್ರಕಾರ ಘೋಷಿಸಿತು. ಅಷ್ಟರೊಳಗೆ ಅದು ಊರೂರುಗಳನ್ನು ಸೇರಿಯಾಗಿತ್ತು. ೧೯೮೩ರಲ್ಲಿ ಮೆಕ್ಸಿಕೋದಿಂದ ತರಿಸಿ ೧೯೮೪ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಒಂದು ಜೀರುಂಡೆ ಮಳೆಗಾಲದಲ್ಲಿ ಅದರ ಎಲೆಯನ್ನು ತಿಂದು ಸ್ವಲ್ಪಮಟ್ಟಿಗೆ ತಗ್ಗಿಸುತ್ತದೆ, ಪೂರ್ತಿ ಅಳಿಸಲಾರದು.

ಇದಕ್ಕೆ ವಿರುದ್ಧವಾದ, ಮನಸ್ಸಿಗೆ ಧೈರ್ಯ ಕೊಡುವ ಅಧ್ಯಾಯವೊಂದುಂಟು. ಕೇರಳದವರು ಆಫ್ರಿಕನ್ ಪಾಯಲ್ ಎಂದು ಕರೆಯುವ ಸಾಲ್ವಿನಿಯಾ ಎಂಬ ತೇಲುವ ಜಲಸಸ್ಯವು ಕುಟ್ಟನಾಡಿನ ಗದ್ದೆ ಕಾಲುವೆಗಳನ್ನು ಹಾಸಿಗೆಯಂತೆ ಮುಚ್ಚಿ, ದೋಣಿಗಳ ಸಂಚಾರವನ್ನೂ ಬೇಸಾಯವನ್ನೂ ಕೆಡಿಸಿತ್ತು. ಪ್ರಪಂಚದ ಅನೇಕ ದೇಶಗಳಲ್ಲಿ ಇದೇ ತೊಂದರೆ. ಬಹುಕಾಲ ಇದನ್ನು ಬೇರೊಂದು ಜಾತಿಯೆಂದು ಭ್ರಮಿಸಿ, ಇದರ ವೈರಿ ಕೀಟವನ್ನು ಸಲ್ಲದ ಸ್ಥಳಗಳಲ್ಲಿ ಹುಡುಕಿದರು. ೧೯೭೨ರಲ್ಲಿ ಮಿಚೆಲ್ ಎಂಬ ಶಾಸ್ತ್ರಜ್ಞನು ಇದು ಪ್ರತ್ಯೇಕ ಜಾತಿಯೆಂದು ತೋರಿಸಿ ಹೊಸ ಹೆಸರಿಟ್ಟನು. ಹೆಸರು ಸರಿಯಾದ ಮೇಲೆ ತವರೂರನ್ನು ಹುಡುಕಿದರು. ಅದು ಆಗ್ನೇಯ ಬ್ರೆಜಿಲಿನಲ್ಲಿ ದೊರಕಿತು. ಅಲ್ಲಿ ಅದನ್ನೇ ತಿಂದು ಬಾಳುವ ಒಂದು ಸೊಂಡಿಲು ಹುಳವೂ ಸಿಕ್ಕಿತು. ೧೯೮೦ರಲ್ಲಿ ಆಸ್ಟ್ರೇಲಿಯಾದ ಮೂನ್‌ಡಾರಾ ಸರೋವರದಲ್ಲಿ ಈ ಹುಳವನ್ನು ಬಿಟ್ಟರು. ಸುಮಾರು ೨೦೦ ಹೆಕ್ಟೇರ್ ನೀರನ್ನು ಮುಚ್ಚಿದ್ದ ಕಳೆ ಒಂದೂವರೆ ವರ್ಷದೊಳಗೆ ಹೆಚ್ಚುಕಡಿಮೆ ಇಲ್ಲವಾಯಿತು.

ಅದೇ ಹುಳವನ್ನು ೧೯೮೨ರಲ್ಲಿ ಭಾರತಕ್ಕೆ ತರಿಸಿ, ಬೇರೆ ಬೆಳೆಗಳನ್ನು ಮುಟ್ಟುವುದಿಲ್ಲವೆಂದು ಪರೀಕ್ಷಿಸಿ ನೋಡಿ, ೧೯೮೩-೮೪ರಲ್ಲಿ ಮೊದಲು ಬೆಂಗಳೂರಿನ ಒಂದು ತಾವರೆಕೊಳದಲ್ಲಿಯೂ ತರುವಾಯ ಕೇರಳದಲ್ಲಿಯೂ ಬಿಟ್ಟರು. ಕೆಲವೇ ವರ್ಷಗಳಲ್ಲಿ ಕುಟ್ಟನಾಡಿನ ಅನೇಕ ಕಾಲುವೆಗಳು ತೆರೆದುಕೊಂಡವು. ಇದಕ್ಕೂ ಮುಂಚೆ ೧೯೭೪ರಲ್ಲಿ ತಿರುವನಂತಪುರದ ಬಳಿಯ ವೇಳಿ ಸರೋವರದಲ್ಲಿ ಒಂದು ಜಾತಿಯ ಮಿಡತೆಯನ್ನು ಬಿಟ್ಟಿದ್ದರು. ಅದು ಬದುಕಿತು, ಕಳೆಯನ್ನು ಗೆಲ್ಲಲಿಲ್ಲ. ಹೀಗೆ ಅದೇ ಕಳೆ, ಅದೇ ನಾಡು; ಕೀಟ ಮಾತ್ರ ಬೇರೆ. ಕಳೆಯ ಉಪದ್ರವ ಎಷ್ಟು ದೊಡ್ಡದೆಂಬುದನ್ನು ಮಾತ್ರ ನೋಡಿದರೆ ಸಾಲದು. ಅದಕ್ಕೆ ಫಲಿಸುವ ಔಷಧ ಕೈಯಲ್ಲುಂಟೇ ಎಂಬುದನ್ನೂ ನೋಡತಕ್ಕುದು. ಫಲಿಸುವ ಉಪಾಯವಿದ್ದಲ್ಲಿ ದುಡಿಮೆಯನ್ನು ಮೊದಲು ಹೂಡುವುದು ಜಾಣತನ.

ಈಗ ನಮ್ಮ ಜಿಲ್ಲೆಯ ಅನುಭವಕ್ಕೆ ಬರೋಣ. ನಾಯ್ಮಾರ್ಮೂಲೆಯಿಂದ ದೂರವಿಲ್ಲದ ಕೂಡ್ಲುವಿನಲ್ಲಿ ತೆಂಗಿನ ಸಂಶೋಧನ ಕೇಂದ್ರವೊಂದು ೧೯೧೬ರಲ್ಲಿ ಮದರಾಸು ಸರಕಾರದಿಂದ ಸ್ಥಾಪಿತವಾಯಿತು. ೧೯೭೦ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯಾಯಿತು. ೧೯೯೮ರಲ್ಲಿ ಎರ್ನಾಕುಳಂ ಜಿಲ್ಲೆಯಲ್ಲಿ ಮೊದಲು ಕಾಣಿಸಿದ ತೆಂಗಿನ ನುಸಿಯೂ, ೨೦೧೬ರಲ್ಲಿ ಪೊಳ್ಳಾಚಿ ಪಾಲಕ್ಕಾಡುಗಳ ಕಡೆ ಕಾಣಿಸಿದ ಸುರುಳಿ ಬಿಳಿನೊಣವೂ ಅಮೆರಿಕ ಖಂಡದಿಂದ ಬಂದ ಆಕ್ರಮಕಗಳೇ. ಬಿಳಿನೊಣ ಬಂದಾಗ ರೈತರು ಗಾಬರಿಗೊಂಡು ವಿಷವನ್ನು ಸಿಂಪಡಿಸಲು ಹೊರಟರು. ಸಂಸ್ಥೆಯ ವಿಜ್ಞಾನಿಗಳು ತಡೆದರು. ಆ ಬಿಳಿನೊಣದ ಬೆನ್ನಹಿಂದೆಯೇ ಅದನ್ನು ಕೊಲ್ಲುವ ಒಂದು ಸೂಕ್ಷ್ಮವಾದ ಕಣಜವೂ ನಮ್ಮ ತೋಟಗಳಲ್ಲಿ ಕಾಣಿಸಿಕೊಂಡಿತ್ತು. ವಿಷ ಹಾಕಿದರೆ ಮೊದಲು ಸಾಯುವುದು ಅದೇ. ಕೈಕಟ್ಟಿ ಕಾಯುವುದೂ ಕೆಲವೊಮ್ಮೆ ಕೆಲಸವೇ ಎಂಬುದನ್ನು ಅವರು ತೋರಿಸಿಕೊಟ್ಟರು.

ಹೀಗೆ ತಡೆಯುವವರಿಲ್ಲದೆ ಹೋದರೆ ಏನಾಗುವುದೆಂಬುದನ್ನು ನಮ್ಮ ಜಿಲ್ಲೆಯಷ್ಟು ಬಲ್ಲವರು ಬೇರೆ ಯಾರು? ಗೇರುಮರಕ್ಕೆ ಬರುವ ಚಹಾ ಸೊಳ್ಳೆಯೆಂಬ ತಿಗಣೆಯನ್ನು ಕೊಲ್ಲಲೆಂದು ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿದರು. ಆ ತಿಗಣೆ ಹೊರದೇಶದ್ದಲ್ಲ; ನಮ್ಮದೇ. ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿ ತೊರೆಯ ನೀರನ್ನೂ ಸುರಂಗದ ನೀರನ್ನೂ ಕುಡಿದು ಬಾಳುತ್ತಿದ್ದ ಕುಟುಂಬಗಳು ಅನುಭವಿಸಿದ ಸಂಕಟ ಇಂದಿಗೂ ತೀರಿಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆ ಮಾರಾಟಗಳನ್ನು ದೇಶದಲ್ಲಿ ನಿಲ್ಲಿಸಿತು. ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ ಎಂದು ಗಾದೆ ಕೇಳುತ್ತದೆ. ಕೊಡಲಿ ಮರಕ್ಕೆ ಬೀಳದೆ ಮಕ್ಕಳ ಮೇಲೆ ಬಿದ್ದ ನಾಡು ನಮ್ಮದು. ಯಾವ ಪಟ್ಟಿಯಲ್ಲಿ ಯಾವ ಕಳೆಯನ್ನು ಮೊದಲಿಟ್ಟರೂ, ಅದಕ್ಕೆ ಪ್ರಯೋಗಿಸುವ ಉಪಾಯವು ಕಳೆಗಿಂತ ಕೇಡಿನದಾದರೆ ಆ ಪಟ್ಟಿಯನ್ನು ಹರಿದುಹಾಕುವುದೇ ಲೇಸು.

ಹೊರದೇಶದ ವಿದ್ವಾಂಸರೂ ಈ ವಿಷಯವನ್ನು ಪರ್ಯಾಲೋಚಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ ೧೯೯೭ರಿಂದ, ಹೊಸ ಗಿಡವೊಂದನ್ನು ದೇಶದೊಳಗೆ ಬಿಡುವ ಮೊದಲು ಅದರ ಬಗ್ಗೆ ೪೯ ಪ್ರಶ್ನೆಗಳನ್ನು ಕೇಳುವ ಪದ್ಧತಿಯುಂಟು. ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆ ೧೯೯೮ರಲ್ಲಿ ಕೆಲಸವನ್ನು ಎರಡಾಗಿ ವಿಂಗಡಿಸಿತು: ಹೊಸದಾಗಿ ಬಂದು ಇನ್ನೂ ಕಡಮೆಯಿರುವ ಕಳೆಯನ್ನು ಎಲ್ಲಿ ಕಂಡರೂ ಬೆನ್ನಟ್ಟಿ ಕೀಳುವುದು ಒಂದು, ಹಬ್ಬಿಹೋದ ಕಳೆಯನ್ನು ಬೆಲೆಯುಳ್ಳ ತಾಣಗಳಿಂದ ಮಾತ್ರ ದೂರವಿಡುವುದು ಇನ್ನೊಂದು. ಕ್ಯಾಲಿಫೋರ್ನಿಯಾದ ಅನುಭವವನ್ನು ಪರಿಶೀಲಿಸಿ ೨೦೦೨ರಲ್ಲಿ ಪ್ರಕಟಿಸಿದ ಲೆಕ್ಕವು ಇನ್ನೂ ಸ್ಪಷ್ಟ: ಒಂದು ಹೆಕ್ಟೇರಿಗಿಂತ ಕಡಮೆ ಜಾಗದಲ್ಲಿರುವ ಕಳೆಯನ್ನು ನಿರ್ಮೂಲ ಮಾಡುವುದು ಸಾಮಾನ್ಯವಾಗಿ ಸಾಧ್ಯ; ಸಾವಿರ ಹೆಕ್ಟೇರನ್ನು ಮೀರಿದರೆ ಬಹಳ ದುಸ್ಸಾಧ್ಯ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದನ್ನೇ ಅವರು ಅಳೆದು ತೂಗಿ ಹೇಳಿದ್ದಾರೆ. ೨೦೧೦ರಲ್ಲಿ ಜಪಾನಿನಲ್ಲಿ ಕೂಡಿದ ರಾಷ್ಟ್ರಗಳು ಮುಖ್ಯವಾದ ಆಕ್ರಮಕ ಜೀವಿಗಳನ್ನೂ ಅವು ಬರುವ ದಾರಿಗಳನ್ನೂ ಗುರುತಿಸಿ ಆದ್ಯತೆಯ ಕ್ರಮವನ್ನು ನಿಶ್ಚಯಿಸಬೇಕೆಂದು ಒಪ್ಪಿದವು. ೨೦೨೨ರ ಡಿಸೆಂಬರಿನಲ್ಲಿ, ೨೦೩೦ರೊಳಗಾಗಿ ಹೊಸ ಆಕ್ರಮಕಗಳ ಬರವನ್ನು ಅರ್ಧಕ್ಕಾದರೂ ಇಳಿಸಬೇಕೆಂದು ಸಂಕಲ್ಪಿಸಿದವು.

ಇಷ್ಟನ್ನು ನೋಡಿದ ಮೇಲೆ ನಮ್ಮ ಊರಿನ ಮಟ್ಟಿಗೆ ನಾಲ್ಕು ಪ್ರಶ್ನೆಗಳು ಸಾಕು. ಇದರ ಸರಿಯಾದ ಹೆಸರೇನು? ಇದು ಬಂದದ್ದು ಹೊಸತೇ, ಇನ್ನೂ ಒಂದು ಮೂಲೆಯಲ್ಲಿಯೇ ಇದೆಯೇ? ಇದಕ್ಕೆ ಹಾನಿಯಿಲ್ಲದ, ಫಲಿಸುವ ಉಪಾಯ ನಮ್ಮ ಕೈಯಲ್ಲುಂಟೇ? ಇದು ನಿಂತಿರುವ ತಾಣದಲ್ಲಿ ಬೇರೆಲ್ಲಿಯೂ ಸಿಗದ ಬೆಲೆಯುಳ್ಳದ್ದು ಏನಾದರೂ ಇದೆಯೇ? ಈ ನಾಲ್ಕನ್ನು ಕೇಳಿ ನೋಡಿದರೆ, ನಾವು ಸಾಮಾನ್ಯವಾಗಿ ಮಾಡುವ ಕ್ರಮ ತಲೆಕೆಳಗಾಗಿದೆಯೆಂಬುದು ಗೊತ್ತಾಗುತ್ತದೆ. ಕಣ್ಣಿಗೆ ಹೆಚ್ಚು ಬೀಳುವ ಲಂಟಾನಕ್ಕೂ ಕಮ್ಯುನಿಸ್ಟ್ ಗಿಡಕ್ಕೂ ನಾವು ಮೊದಲು ಕತ್ತಿ ಎತ್ತುತ್ತೇವೆ. ಹೊಸದಾಗಿ ಬಂದ, ಚೆಂದದ ಹೂಬಿಡುವ, ಅಂಗೈಯಗಲದ ಗಿಡವನ್ನು ನೋಡಿ ಮುಗುಳ್ನಗುತ್ತೇವೆ.

೨೦೨೦ರಲ್ಲಿ ಕೋಝಿಕ್ಕೋಡು ಜಿಲ್ಲೆಯ ಆವಳಪ್ಪಾಂಡಿ ಎಂಬಲ್ಲಿ ಕಾಲುವೆಯ ತುಂಬ ಗುಲಾಬಿ ಬಣ್ಣದ ಹೂವು ಅರಳಿ, ನೋಡಲು ಜನರ ಜಾತ್ರೆಯೇ ನೆರೆಯಿತು. ಅದು ದಕ್ಷಿಣ ಅಮೆರಿಕದ ಕಬೊಂಬ ಎಂಬ ನೀರುಗಳೆ. ಗಾಜಿನ ತೊಟ್ಟಿಯ ಮೀನುಗಳಿಗೆ ಅಲಂಕಾರವಾಗಿ ಸಾಕುವ ಗಿಡ. ಅದರ ಒಂದು ತುಂಡು ಸಾಕು, ಇನ್ನೊಂದು ಕೆರೆಯಲ್ಲಿ ಬೇರೂರುತ್ತದೆ. ಕಿತ್ತು ಮನೆಗೆ ಒಯ್ಯಬಾರದೆಂದು ತಿಳಿದವರು ಎಚ್ಚರಿಸಬೇಕಾಯಿತು. ಇಂತಹದೊಂದು ನಮ್ಮ ಊರಿನ ಕೆರೆಯಲ್ಲಿ ಕಾಣಿಸಿದರೆ ಅದೇ ಆ ವರ್ಷದ ಮೊದಲ ಕೆಲಸವಾಗಬೇಕು. ಹೆದ್ದಾರಿಯ ಅಗಲೀಕರಣದಿಂದ ಅಗೆದ ಮಣ್ಣು, ದೂರದಿಂದ ಬಂದ ಲಾರಿ, ಇವುಗಳೊಂದಿಗೆ ಹೊಸ ಬೀಜಗಳು ಬರುವುದು ಸುಲಭ. ರಸ್ತೆಯ ಅಂಚಿನಲ್ಲಿ ಪಾರ್ಥೇನಿಯಂ ಒಂದೆರಡು ಗಿಡ ಕಂಡರೆ, ಹೂಬಿಡುವ ಮೊದಲೇ ಕೀಳತಕ್ಕುದು. ಮೈಗೆ ತುರಿಕೆ ತರುವ ಗಿಡವಾದುದರಿಂದ ಕೈಚೀಲ ಹಾಕಿದ ದೊಡ್ಡವರೇ ಅದನ್ನು ಮಾಡಬೇಕು, ಮಕ್ಕಳಲ್ಲ.

ಎರಡನೆಯ ಸ್ಥಾನ ತಾಣಗಳಿಗೆ. ನಮ್ಮ ಜಿಲ್ಲೆಯ ಪೆರಿಯದ ಕಡೆ, ಮುರಕಲ್ಲಿನ ನೆಲದ ಮಳೆಗಾಲದ ತೊರೆಗಳಲ್ಲಿ ಬೆಳೆಯುವ ಒಂದು ಬಿಳಿಯ ಹೂವಿನ ಗಿಡವನ್ನು ೨೦೧೨ರಲ್ಲಿ ಶಾಸ್ತ್ರಜ್ಞರು ಹೊಸ ಜಾತಿಯೆಂದು ಜಗತ್ತಿಗೆ ಪರಿಚಯಿಸಿದರು. ಜಿಲ್ಲಾ ಪಂಚಾಯತು ಇತ್ತೀಚಿನ ವರ್ಷಗಳಲ್ಲಿ ಅದನ್ನು ಜಿಲ್ಲೆಯ ಹೂವೆಂದು ಸಾರಿದೆ. ಕಾಸರಕವನ್ನು ಜಿಲ್ಲೆಯ ಮರವೆಂದು ಸಾರಿದೆ. ಕಾಸರಗೋಡಿಗೆ ಆ ಮರದಿಂದಲೇ ಹೆಸರು ಬಂದಿತೆಂದು ಹೇಳುವವರೂ ಉಂಟು. ಇಂತಹ ತೊರೆಗಳ ದಡ, ಮಳೆಗಾಲದಲ್ಲಿ ಮಾತ್ರ ಹೂವಿನ ಹಾಸಿಗೆಯಾಗುವ ಮುರಕಲ್ಲಿನ ಬಯಲು, ಸುರಂಗದ ಬಾಯಿ, ನಾಗಬನ ಇವುಗಳ ಸುತ್ತ ಇಪ್ಪತ್ತು ಮಾರು ಜಾಗದಿಂದ ಲಂಟಾನವನ್ನೂ ಮಿಕಾನಿಯಾವನ್ನೂ ವರ್ಷವರ್ಷವೂ ತೆಗೆದು ಇಡುವುದು ಸಾಧ್ಯವಾದ ಕೆಲಸ. ಗುಡ್ಡವನ್ನೆಲ್ಲ ಸವರುವುದು ಸಾಧ್ಯವಿಲ್ಲದ ಕೆಲಸ. ಮಿಕಾನಿಯಾ ಗೆಣ್ಣುಗೆಣ್ಣಿನಲ್ಲಿಯೂ ಬೇರು ಬಿಡುವುದರಿಂದ ಕತ್ತರಿಸಿದ ತುಂಡುಗಳನ್ನು ತೋಡಿಗೆ ಎಸೆದರೆ ಕಳೆಯನ್ನು ಬಿತ್ತಿದಂತಾಗುತ್ತದೆ. ಕಮ್ಯುನಿಸ್ಟ್ ಗಿಡ ಧನುರ್ಮಾಸದ ಸುಮಾರಿಗೆ ಹೂಬಿಟ್ಟು ಬೀಜವನ್ನು ಗಾಳಿಗೆ ತೂರುವುದರಿಂದ, ಕೀಳುವುದಾದರೆ ಅದಕ್ಕೆ ಮುಂಚೆಯೇ ಕೀಳಬೇಕು. ಸೊಪ್ಪನ್ನು ತೆಂಗಿನ ಬುಡಕ್ಕೆ ಹಾಕಬಹುದು.

ಉಳಿದದ್ದನ್ನು ಸದ್ಯಕ್ಕೆ ಬಿಡುವುದು. ಬಿಡುವುದೆಂದರೆ ಸೋಲಲ್ಲ, ಇರುವ ಹತ್ತು ಕೈಗಳನ್ನು ಎಲ್ಲಿ ಇಡಬೇಕೆಂಬ ನಿರ್ಣಯ.

ಈ ಕಾರ್ಯದಲ್ಲಿ ಕನ್ನಡ ಶಾಲೆಗಳ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಒಂದು ಸ್ಥಾನವುಂಟೆಂದು ನಾವು ನಂಬುತ್ತೇವೆ. ರಾಮಚಂದ್ರ ರಾಯರು ಮೂರು ವರ್ಷ ಅಲೆದು ಸಂಗ್ರಹಿಸಿದಂತಹ ವಿವರವನ್ನು, ಒಂದು ಊರಿನ ಮಟ್ಟಿಗೆ, ಒಂದು ತರಗತಿಯ ಮಕ್ಕಳು ಒಂದು ವರ್ಷದಲ್ಲಿ ಕಲೆಹಾಕಬಲ್ಲರು. ಒಂದು ಪುಸ್ತಕ, ಅದರಲ್ಲಿ ಗಿಡದ ಹೆಸರು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ, ಕಂಡ ಸ್ಥಳ, ಕಂಡ ದಿನ, ಎಷ್ಟು ಹೆಜ್ಜೆ ಅಗಲ, ಹೂವುಂಟೇ, ಬೀಜವುಂಟೇ. ಮರುವರ್ಷ ಅದೇ ಸ್ಥಳಕ್ಕೆ ಹೋಗಿ ಮತ್ತೆ ಅಳೆಯುವುದು. ಹೆಸರು ಸಂದೇಹವಿದ್ದಲ್ಲಿ ಕೀಳದೆ, ವಿದ್ಯಾನಗರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರನ್ನೋ ಕೂಡ್ಲುವಿನ ವಿಜ್ಞಾನಿಗಳನ್ನೋ ಕೇಳುವುದು. ಇದಕ್ಕೆ ಹಣ ಬೇಡ, ಅಧಿಕಾರ ಬೇಡ, ತಾಳ್ಮೆ ಬೇಕು.

ಕಳ್ಳಿಯ ಹೆಸರು ಸರಿಯಾಗಿ ತಿಳಿಯದೆ ತೊಂಬತ್ತು ವರ್ಷಗಳು ಹೋದವು. ಲಂಟಾನವನ್ನು ಹೂವೆಂದು ನಂಬಿದ್ದರಿಂದ ಕಾಡುಗಳು ಹೋದವು. ಪಾರ್ಥೇನಿಯಂ ಬಗ್ಗೆ ಘೋಷಣೆ ಹೊರಡುವಷ್ಟರಲ್ಲಿ ಇಪ್ಪತ್ತು ವರ್ಷಗಳು ಹೋಗಿದ್ದವು. ಈ ಮೂರು ಸಲವೂ ಕಳೆ ಮೊದಲು ಕಾಣಿಸಿದ ದಿನ ಯಾವನೋ ಒಬ್ಬನ ಕಣ್ಣಿಗೆ ಬಿದ್ದೇ ಇರಬೇಕು. ಅದನ್ನು ಬರೆದಿಟ್ಟು ನಾಲ್ವರಿಗೆ ತಿಳಿಸುವ ಏರ್ಪಾಡು ಮಾತ್ರ ಇರಲಿಲ್ಲ. ಮುಂದಿನ ಕಳೆ ನಮ್ಮ ಸೀಮೆಯ ಯಾವುದೋ ತೋಡಿನ ಬದಿಯಲ್ಲಿ ಕಾಣಿಸಿಕೊಳ್ಳುವ ದಿನ, ಅದನ್ನು ಹೆಸರು ಹಿಡಿದು ಗುರುತಿಸಿ ಪುಸ್ತಕದಲ್ಲಿ ಬರೆಯುವ ವಿದ್ಯಾರ್ಥಿಯೊಬ್ಬನೋ ಒಬ್ಬಳೋ ಅಲ್ಲಿರಬೇಕೆಂಬುದೇ ನಮ್ಮ ಅಪೇಕ್ಷೆ. ಅದಕ್ಕೆ ಬೇಕಾದ ಸಿದ್ಧತೆಯನ್ನು ಈ ಮಳೆಗಾಲದಲ್ಲಿಯೇ ಆರಂಭಿಸಬಹುದು.